ಪೆಟ್ಟಿಗೆಯ ಜಗಳ, ತಿರುವಿನ ಜಗಳ

2025ರ ಏಪ್ರಿಲ್ 29ರಂದು ಫೋರ್ಜಾ ಹೊರೈಜನ್ 5 ಎಂಬ ಕಾರ್ ರೇಸಿನ ವಿಡಿಯೊ ಆಟ ಪ್ಲೇಸ್ಟೇಷನ್ 5ಕ್ಕೆ ಬಂದಾಗ ನಮ್ಮ ಗುಂಪಿನ ಹಳೆಯ ವಾದವೊಂದು ನ್ಯಾಯವಾಗಿ ಅಲ್ಲಿಗೇ ಮುಗಿಯಬೇಕಿತ್ತು. ಮೈಕ್ರೋಸಾಫ್ಟ್ ಕಂಪನಿ 2005ರಿಂದ ತನ್ನ ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕೆಂದೇ ಮೀಸಲಿಟ್ಟು ಬೆಳೆಸಿದ್ದ, ಆಮೇಲೆ ಕಂಪ್ಯೂಟರಿಗಷ್ಟೇ ಬಿಟ್ಟುಕೊಟ್ಟಿದ್ದ ಫೋರ್ಜಾ ಹೆಸರಿನ ಆಟವೊಂದು ಸೋನಿಯ ಯಂತ್ರದಲ್ಲಿ ಓಡತೊಡಗಿತ್ತು. ಇನ್ನು ಯಾವ ಯಂತ್ರ ಮೇಲು ಎಂದು ಕಚ್ಚಾಡಲು ಏನು ಉಳಿಯಿತು ಎಂದುಕೊಂಡಿದ್ದೆ. ಆ ವಾರ ದಾವಣಗೆರೆಯ ರಾಮ್ ಅಂಡ್ ಕೋ ವೃತ್ತದ ಬಳಿ ಮಂಡಕ್ಕಿ ಮಿರ್ಚಿ ಕೈಯಲ್ಲಿ ಹಿಡಿದು ನಿಂತಿದ್ದ ನಮ್ಮವರ ಮಾತು ಕೇಳಿದಾಗ ಗೊತ್ತಾಯಿತು, ವಾದ ಮುಗಿಯುವುದಿರಲಿ, ಇನ್ನೂ ಚುರುಕಾಗಿತ್ತು. ಎಕ್ಸ್‌ಬಾಕ್ಸ್ ಇಟ್ಟುಕೊಂಡಿರುವ, ಬಟ್ಟೆ ಅಂಗಡಿ ನಡೆಸುವ ಗೆಳೆಯನ ಪ್ರಕಾರ ಸೋನಿಯವರಿಗೆ ಕೊನೆಗೂ ಒಂದು ಒಳ್ಳೆಯ ರೇಸಿಂಗ್ ಆಟ ಸಿಕ್ಕಿತ್ತು. ಪ್ಲೇಸ್ಟೇಷನ್ ಇಟ್ಟುಕೊಂಡಿರುವ, ಕಾಲೇಜಿನಲ್ಲಿ ಪಾಠ ಹೇಳುವ ಇನ್ನೊಬ್ಬನ ಪ್ರಕಾರ ಎಕ್ಸ್‌ಬಾಕ್ಸ್ ಅಂಗಡಿ ಮುಚ್ಚುವ ಮುನ್ನ ಸಾಮಾನು ಮಾರುತ್ತಿತ್ತು.

ಈ ವಾದವನ್ನು ಬಹುಕಾಲ ಕೇಳುತ್ತ ಬಂದ ನನಗೆ ಅನ್ನಿಸಿರುವುದು ಇಷ್ಟು: ಇದರಲ್ಲಿ ಎರಡು ಜಗಳಗಳು ಒಂದಕ್ಕೊಂದು ಸಿಕ್ಕು ಬಿದ್ದಿವೆ. ಒಂದು ಪೆಟ್ಟಿಗೆಯ ಜಗಳ, ಅಂದರೆ ಯಾರ ಯಂತ್ರ ಮೇಲು ಎಂಬುದು. ಇನ್ನೊಂದು ತಿರುವಿನ ಜಗಳ, ಅಂದರೆ ಪರದೆಯ ಮೇಲಿನ ಕಾರು ರಸ್ತೆಯ ತಿರುವಿಗೆ ಬಂದಾಗ ಆಡುವವನಿಂದ ಆಟ ಏನನ್ನು ಕೇಳಬೇಕು ಎಂಬುದು. ಮೊದಲನೆಯದು ನಮ್ಮ ಊರಿನಲ್ಲಿ ಗುಣದ ಮೇಲೆ ತೀರ್ಮಾನವಾದದ್ದೇ ಇಲ್ಲ. ಎರಡನೆಯದು ಮಾತ್ರ ನಿಜವಾದ ಜಗಳ, ಮತ್ತು ರಾತ್ರಿಯಿಡೀ ಆಡಿದರೂ ಆಡಿದಷ್ಟೂ ಹೊಸದು ಹೊರಡುವ ಜಗಳ.

ಪೆಟ್ಟಿಗೆಯ ಕಥೆ ಹೇಗೆ ನಡೆಯಿತು ಎಂಬುದನ್ನು ದಾವಣಗೆರೆಯಲ್ಲಿ ಬೆಳೆದ ನನ್ನ ವಯಸ್ಸಿನ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮ ಪಾಲಿಗೆ ಕಾರ್ ರೇಸ್ ಎಂಬುದು ಶುರುವಾದದ್ದು ಟಿವಿ ಗೇಮ್‌ನಿಂದ. ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರದ ನಕಲುಗಳು ಹಳದಿ ಕ್ಯಾಸೆಟ್‌ಗಳೊಡನೆ ಬರುತ್ತಿದ್ದವು; ಲೇಬಲ್ಲಿನ ಮೇಲೆ ಸಾವಿರಾರು ಆಟಗಳೆಂದು ಅಚ್ಚಾಗಿದ್ದರೂ ಒಳಗೆ ತಿರುಗಿ ತಿರುಗಿ ಬರುತ್ತಿದ್ದುದು ಬೆರಳೆಣಿಕೆಯ ಆಟಗಳೇ. ಅವುಗಳಲ್ಲಿ ಒಂದು ಕೊನಾಮಿಯವರ ರೋಡ್ ಫೈಟರ್, 1984ರಲ್ಲಿ ಮೊದಲು ಆರ್ಕೇಡ್ ಯಂತ್ರಕ್ಕೆಂದು ಬಂದದ್ದು. ಮೇಲಿನಿಂದ ಕಾಣುವ ರಸ್ತೆ, ಕೆಂಪು ಕಾರು ನಮ್ಮದು, ಪಕ್ಕದಲ್ಲಿ ಒಂದೇ ಸಮನೆ ಇಳಿಯುವ ಪೆಟ್ರೋಲಿನ ಲೆಕ್ಕ. ಬೇರೆ ಕಾರಿಗೆ ತಾಗಿದರೆ ನಮ್ಮದು ಅಡ್ಡಾದಿಡ್ಡಿ ಜಾರುತ್ತಿತ್ತು, ಅಂಚಿಗೆ ಬಡಿದರೆ ಸಿಡಿದುಹೋಗುತ್ತಿತ್ತು. ಒಂದು ಗುಂಡಿ ನಿಧಾನದ ಓಟಕ್ಕೆ, ಇನ್ನೊಂದು ಜೋರಿನ ಓಟಕ್ಕೆ. ಬ್ರೇಕಿಗೆಂದು ಗುಂಡಿಯೇ ಇರಲಿಲ್ಲ. ಒಂದು ತಲೆಮಾರಿನ ಹುಡುಗರು ರೇಸಿಂಗ್ ಎಂದರೆ ಗುಂಡಿಯನ್ನು ಒತ್ತಿ ಹಿಡಿಯುವುದು ಎಂದು ನಂಬಿ ಬೆಳೆದದ್ದರಲ್ಲಿ ಆಶ್ಚರ್ಯವೇನಿಲ್ಲ.

ಆಮೇಲೆ ಬಂದದ್ದು ಸೈಬರ್ ಕೆಫೆಯ ಕಾಲ. ವಿದ್ಯಾನಗರದ ಕಡೆ, ಎಂ.ಸಿ.ಸಿ. ಬಿ ಬ್ಲಾಕ್‌ನ ಕಡೆ, ಕಾಲೇಜು ಹುಡುಗರು ಹೆಚ್ಚಿದ್ದಲ್ಲೆಲ್ಲ ಪರದೆ ಕಟ್ಟಿದ ಗೂಡುಗಳಲ್ಲಿ ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್ ಓಡುತ್ತಿತ್ತು. 2005ರ ಆ ಆಟದಲ್ಲಿ ನೀಲಿ ಬೆಳ್ಳಿ ಬಣ್ಣದ ಬಿಎಂಡಬ್ಲ್ಯು ಎಂ3 ಜಿಟಿಆರ್ ಕಾರನ್ನು ಆರಂಭದಲ್ಲೇ ಕಳೆದುಕೊಂಡು, ಹದಿನೈದು ಎದುರಾಳಿಗಳ ಪಟ್ಟಿಯನ್ನು ಒಬ್ಬೊಬ್ಬರನ್ನಾಗಿ ಏರುತ್ತ ಅದನ್ನು ಮರಳಿ ಪಡೆಯಬೇಕಿತ್ತು. ರೇಸಿಗಿಂತ ಪೊಲೀಸರ ಬೆನ್ನಟ್ಟುವಿಕೆಯೇ ಅದರ ಜೀವ. ಅದೇ ಹೊತ್ತಿಗೆ ಗಂಟೆಯ ಲೆಕ್ಕದಲ್ಲಿ ಪ್ಲೇಸ್ಟೇಷನ್ 2 ಆಡಿಸುವ ಅಂಗಡಿಗಳೂ ತೆರೆದಿದ್ದವು. ಅಲ್ಲಿ ಸೋನಿಯದೇ ಕಾರ್ ರೇಸ್ ಆಟವಾದ ಗ್ರಾನ್ ಟುರಿಸ್ಮೊ 4ರ ಡಿಸ್ಕ್ ಇರುತ್ತಿತ್ತು, ಆದರೆ ಯಾರೂ ಕೇಳುತ್ತಿರಲಿಲ್ಲ. ಕಾರಣ ಸರಳ. ಏಳುನೂರಕ್ಕೂ ಹೆಚ್ಚು ಕಾರುಗಳಿದ್ದ ಆ ಆಟದಲ್ಲಿ ಕೈಗೆ ಮೊದಲು ಸಿಗುತ್ತಿದ್ದುದು ಅಗ್ಗದ ಕಾರು ಮತ್ತು ಚಾಲನಾ ಪರವಾನಗಿಯ ಪರೀಕ್ಷೆ. ಕೊಟ್ಟ ಹಣದ ಗಂಟೆ ಪರೀಕ್ಷೆಯಲ್ಲಿ ಫೇಲಾಗುವುದರಲ್ಲೇ ಕರಗುತ್ತಿತ್ತು. ಸಾಧಿಸಿದ್ದನ್ನು ಉಳಿಸಿಕೊಳ್ಳಲು 8 ಎಂಬಿಯ ಮೆಮೊರಿ ಕಾರ್ಡ್ ಬೇಕು, ಅದು ಅಂಗಡಿಯವನದು, ಮುಂದಿನ ವಾರ ಬಂದರೆ ಅದರ ಮೇಲೆ ಇನ್ನಾರದೋ ಆಟ ಕೂತಿರುತ್ತಿತ್ತು. ಬಾಡಿಗೆಯ ಗಂಟೆಗೆ ಹೊಂದುವ ರೇಸಿಂಗ್ ಒಂದು ಬಗೆ, ಮನೆಯಲ್ಲಿ ಸ್ವಂತ ಯಂತ್ರವಿದ್ದವನಿಗೆ ಹೊಂದುವ ರೇಸಿಂಗ್ ಇನ್ನೊಂದು ಬಗೆ. ನಮ್ಮ ಊರಿನ ರುಚಿ ರೂಪುಗೊಂಡದ್ದು ಮೊದಲನೆಯದರಲ್ಲಿ ಎಂಬುದನ್ನು ಮರೆತು ಇಂದಿನ ವಾದಗಳನ್ನು ಅರ್ಥ ಮಾಡಿಕೊಳ್ಳಲಾಗದು.

ಮುಂದೆ ಸ್ವಂತ ಯಂತ್ರ ಕೊಳ್ಳುವ ಕಾಲ ಬಂದಾಗಲೂ ಆಯ್ಕೆಯನ್ನು ಮಾಡಿದ್ದು ಆಟದ ಗುಣವಲ್ಲ. ಪ್ರಪಂಚದಲ್ಲೆಲ್ಲ ಸೇರಿ 15 ಕೋಟಿಗೂ ಹೆಚ್ಚು ಮಾರಾಟವಾದ ಪ್ಲೇಸ್ಟೇಷನ್ 2 ನಮ್ಮಲ್ಲಿಯೂ ಮೊದಲೇ ಬೇರು ಬಿಟ್ಟಿತ್ತು. ಕೆಟ್ಟರೆ ರಿಪೇರಿ ಮಾಡುವವನೊಬ್ಬ ಊರಲ್ಲಿದ್ದ, ಡಿಸ್ಕ್ ಬದಲಿಸಿಕೊಳ್ಳಲು ಪಕ್ಕದ ಬೀದಿಯಲ್ಲಿ ಗೆಳೆಯರಿದ್ದರು. ಯಾರ ಬಳಿ ಯಾವುದಿದೆಯೋ ಅದನ್ನೇ ಕೊಳ್ಳುವುದು ಬುದ್ಧಿವಂತಿಕೆ. 2020ರ ನವೆಂಬರ್ 10ರಂದು ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಭಾರತದಲ್ಲಿ 34,990 ರೂಪಾಯಿಗೆ ಬಂತು, 2021ರ ಫೆಬ್ರವರಿ 2ರಂದು ಪ್ಲೇಸ್ಟೇಷನ್ 5 ಡಿಸ್ಕ್ ಇರುವ ಮಾದರಿ 49,990ಕ್ಕೆ ಬಂತು. ನಡುವಿನ ಹದಿನೈದು ಸಾವಿರ ನಮ್ಮ ಬಟ್ಟೆ ಅಂಗಡಿಯ ಗೆಳೆಯನ ನಿರ್ಧಾರವನ್ನು ಮಾಡಿತು. ಅದನ್ನು ಅವನು ಎಂದೂ ಒಪ್ಪಿಕೊಳ್ಳುವುದಿಲ್ಲ. ಗೇಮ್ ಪಾಸ್ ಇದೆ, ತಿಂಗಳ ಚಂದಾ ಕಟ್ಟಿದರೆ ಹೊಸ ಫೋರ್ಜಾ ಬಿಡುಗಡೆಯ ದಿನವೇ ಆಡಬಹುದು, ಅದಕ್ಕೇ ಕೊಂಡೆ ಎನ್ನುತ್ತಾನೆ. ಪಾಠ ಹೇಳುವವನು ಕೂಡಲೇ, ನಿನ್ನ ಯಂತ್ರಕ್ಕೆ ಡಿಸ್ಕಿನ ಬಾಯಿಯೇ ಇಲ್ಲವಲ್ಲ, ಆಡಿ ಮುಗಿಸಿದ ಮೇಲೆ ಅರ್ಧ ಬೆಲೆಗೆ ಮಾರುವುದು ಹೇಗೆ ಎಂದು ಕೇಳುತ್ತಾನೆ. ಇಬ್ಬರ ಮಾತೂ ಸರಿ. ಎಲ್ಲರ ಮನೆ ದೋಸೆಯೂ ತೂತೇ ಎಂಬ ಗಾದೆಯನ್ನು ನಮ್ಮ ಊರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರದ ಅಂಕಿಗಳ ಜಗಳವನ್ನು ನಾನು ಬೇಗ ದಾಟುತ್ತೇನೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ ಚಿತ್ರ ಸಂಸ್ಕಾರಕಕ್ಕೆ 12 ಟೆರಾಫ್ಲಾಪ್ (ಸೆಕೆಂಡಿಗೆ ಮಾಡುವ ಲೆಕ್ಕದ ಅಳತೆ), ಪ್ಲೇಸ್ಟೇಷನ್ 5ಕ್ಕೆ 10.28, ಸೀರೀಸ್ ಎಸ್‌ಗೆ 4 ಎಂದು ಬಾಯಿಪಾಠ ಒಪ್ಪಿಸುವವರಿದ್ದಾರೆ. ಇಪ್ಪತ್ತೈದು ವರ್ಷದ ಹಿಂದಿನ ಸೋಫಾದ ಮೇಲೆ ಕೂತು, ಕರೆಂಟು ಹೋಗದಿರಲೆಂದು ಹಾರೈಸುತ್ತ ಆಡುವವನಿಗೆ ಮೊದಲ ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಬಿದ್ದದ್ದನ್ನು ನಾನು ಕಂಡಿಲ್ಲ. ಆದರೆ ಒಂದು ಅಂಕಿ ಮಾತ್ರ ರೇಸಿಂಗ್ ಆಟದಲ್ಲಿ ನಿಜವಾಗಿ ಲೆಕ್ಕಕ್ಕೆ ಬರುತ್ತದೆ, ಅದು ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು. ಗಂಟೆಗೆ 200 ಕಿಲೋಮೀಟರ್ ಓಡುವ ಕಾರು ಸೆಕೆಂಡಿಗೆ ಸುಮಾರು 55 ಮೀಟರ್ ಸಾಗುತ್ತದೆ. ಸೆಕೆಂಡಿಗೆ 60 ಚಿತ್ರಗಳಾದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಕಾರು ಒಂದು ಮೀಟರಿಗೂ ತುಸು ಕಡಿಮೆ ಸರಿದಿರುತ್ತದೆ. 30 ಚಿತ್ರಗಳಾದರೆ ಹೆಚ್ಚುಕಡಿಮೆ ಎರಡು ಮೀಟರ್. ರಸ್ತೆಯ ಬದಿಯ ಫಲಕವನ್ನು ನೋಡಿ ಬ್ರೇಕ್ ಹಾಕುವವನಿಗೆ ಆ ಒಂದು ಮೀಟರ್ ಬಹಳ ದೊಡ್ಡದು. ಫೋರ್ಜಾದಲ್ಲಿ ಎರಡು ಸರಣಿ, ಊರೂರು ಅಲೆಯುವ ಹೊರೈಜನ್ ಮತ್ತು ಟ್ರ್ಯಾಕಿನ ಮೇಲೆ ಓಡುವ ಮೋಟಾರ್‌ಸ್ಪೋರ್ಟ್. ಹೊರೈಜನ್ ಸರಣಿಯ ಮೊದಲ ಆಟಗಳು 30ಕ್ಕೆ ನಿಂತಾಗಲೂ ಗ್ರಾನ್ ಟುರಿಸ್ಮೊ ಮತ್ತು ಫೋರ್ಜಾ ಮೋಟಾರ್‌ಸ್ಪೋರ್ಟ್ ಎರಡೂ 60ಕ್ಕೆ ಹಟ ಹಿಡಿದದ್ದು ಇದಕ್ಕಾಗಿಯೇ. ಅಂಕಿಯ ಹಿಂದೆ ಇರುವುದು ಬ್ರೇಕ್. ಅಲ್ಲಿಂದಲೇ ತಿರುವಿನ ಜಗಳ ಶುರುವಾಗುತ್ತದೆ.

ಗ್ರಾನ್ ಟುರಿಸ್ಮೊ ಮೊದಲು ಜಪಾನಿನಲ್ಲಿ ಬಿಡುಗಡೆಯಾದದ್ದು 1997ರ ಡಿಸೆಂಬರ್‌ನಲ್ಲಿ. ಅದೇ ವರ್ಷದ ಆಗಸ್ಟ್ 15ರಂದು ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆಯಾಯಿತು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ನಮ್ಮ ಗುಂಪಿನಲ್ಲಿ ಇದನ್ನು ನೆನಪಿಸುವವನೊಬ್ಬ ಇದ್ದೇ ಇರುತ್ತಾನೆ. ಗ್ರಾನ್ ಟುರಿಸ್ಮೊವನ್ನು ರೂಪಿಸಿದ ಕಝುನೊರಿ ಯಾಮೌಚಿ ಸ್ವತಃ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ 24 ಗಂಟೆಗಳ ಸ್ಪರ್ಧೆಯಲ್ಲಿ ಕಾರು ಓಡಿಸಿದವರು. 2022ರ ಮಾರ್ಚ್ 4ರಂದು ಬಂದ ಏಳನೆಯ ಆಟದಲ್ಲಿಯೂ ಅವರ ಹಟ ಬದಲಾಗಿಲ್ಲ. ಆಟ ಶುರುವಾದಾಗ ನಿಮ್ಮನ್ನು ಹಳೆಯ ಕಾರುಗಳ ಅಂಗಡಿಗೆ ಕಳಿಸುತ್ತಾರೆ, ಅಲ್ಲಿ ಮೂರು ಪುಟ್ಟ ಜಪಾನಿ ಕಾರುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅವುಗಳಲ್ಲೊಂದು ಹೋಂಡಾ ಫಿಟ್, ನಮ್ಮಲ್ಲಿ ಜಾಜ್ ಎಂಬ ಹೆಸರಿನಲ್ಲಿ ಮಾರಿದ್ದ ಕಾರು. ಹೊರೈಜನ್ 5 ಶುರುವಾಗುವುದು ವಿಮಾನದ ಹೊಟ್ಟೆಯಿಂದ ಮೆಕ್ಸಿಕೊದ ಜ್ವಾಲಾಮುಖಿಯ ಮೇಲೆ ಫೋರ್ಡ್ ಬ್ರಾಂಕೊ ಒಂದನ್ನು ಉದುರಿಸುವುದರಿಂದ. ಎರಡು ಆಟಗಳ ಸ್ವಭಾವವನ್ನು ತಿಳಿಯಲು ಮೊದಲ ಹತ್ತು ನಿಮಿಷ ಸಾಕು: ಒಂದರಲ್ಲಿ ನಮ್ಮೂರಿನ ಪಿ.ಬಿ. ರಸ್ತೆಯಲ್ಲಿ ದಿನಾ ಕಾಣುವ ಕಾರಿನ ಕೀಲಿ ಕೊಡುತ್ತಾರೆ, ಇನ್ನೊಂದರಲ್ಲಿ ಆಕಾಶದಿಂದ ಬೀಳಿಸುತ್ತಾರೆ.

ಪಾಠ ಹೇಳುವ ಗೆಳೆಯ ಗ್ರಾನ್ ಟುರಿಸ್ಮೊದ ಪರವಾಗಿ ಹೇಳುವುದೆಲ್ಲವನ್ನೂ ನಾನು ಒಪ್ಪುವುದಿಲ್ಲ, ಆದರೆ ಪರವಾನಗಿ ಪರೀಕ್ಷೆಗಳ ವಿಷಯದಲ್ಲಿ ಅವನ ಮಾತಿಗೆ ಎದುರಿಲ್ಲ. ಮೊಟ್ಟಮೊದಲ ಪರೀಕ್ಷೆಯಲ್ಲಿ ತಿರುವೇ ಇಲ್ಲ. ಹೊರಡಬೇಕು, ವೇಗ ಹಿಡಿಯಬೇಕು, ಗುರುತು ಹಾಕಿದ ಜಾಗದೊಳಗೆ ನಿಲ್ಲಿಸಬೇಕು. ಕಂಚು, ಬೆಳ್ಳಿ, ಚಿನ್ನ ಎಂದು ಮೂರು ದರ್ಜೆ. ಕಂಚು ಯಾರಿಗಾದರೂ ಸಿಗುತ್ತದೆ. ಚಿನ್ನ ಬೇಕೆಂದವನು ಬ್ರೇಕ್ ಹಿಡಿಯುವ ಜಾಗವನ್ನು ಒಂದೊಂದು ಮೀಟರ್ ಮುಂದೂಡುತ್ತ ಹೋಗಬೇಕು, ಒಂದು ಗೆರೆ ದಾಟಿದರೆ ಎಲ್ಲವೂ ಕೆಟ್ಟಿತು. ಇಲ್ಲಿ ಆಡುವವನಿಗೆ ತಿಳಿಯದೆಯೇ ಭೌತಶಾಸ್ತ್ರದ ಒಂದು ಪಾಠ ಕೈಗೆ ಇಳಿಯುತ್ತದೆ. ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 200ರಿಂದ 100ಕ್ಕೆ ಇಳಿದ ಕಾರು ಅರ್ಧ ವೇಗವನ್ನಷ್ಟೇ ಅಲ್ಲ, ಮುಕ್ಕಾಲು ಶಕ್ತಿಯನ್ನು ಬ್ರೇಕಿನಲ್ಲಿ ಸುಟ್ಟಿರುತ್ತದೆ. ಹೆಚ್ಚು ವೇಗದಲ್ಲಿ ಎರಡು ಮೀಟರ್ ತಡ ಮಾಡಿದ್ದಕ್ಕೆ ತಿರುವಿನ ಬಾಯಲ್ಲಿ ಎಷ್ಟು ದಂಡ ತೆರಬೇಕು ಎಂಬುದು ಸೂತ್ರ ಬರೆಯದವನಿಗೂ ಗೊತ್ತಾಗುತ್ತದೆ.

ಜಪಾನಿನ ಸುಝುಕಾ ಟ್ರ್ಯಾಕನ್ನು ತೆಗೆದುಕೊಳ್ಳಿ. ಹೋಂಡಾ ಕಂಪನಿ ಪರೀಕ್ಷೆಗಳಿಗಾಗಿ ಕಟ್ಟಿಸಿದ, 1962ರಲ್ಲಿ ತೆರೆದ, ಎಂಟರ ಆಕಾರದ 5.807 ಕಿಲೋಮೀಟರ್ ಉದ್ದದ ಹಾದಿ ಅದು. ಸುತ್ತಿನ ಕೊನೆಯ ಹೊತ್ತಿಗೆ 130ಆರ್ ಎಂಬ ಎಡ ತಿರುವನ್ನು ತುಂಬು ವೇಗದಲ್ಲಿ ದಾಟಿದ ಮೇಲೆ ಎದುರಾಗುವುದು ಕ್ಯಾಸಿಯೊ ಟ್ರಯಾಂಗಲ್, ಮೊದಲು ಬಲಕ್ಕೆ, ತಕ್ಷಣ ಎಡಕ್ಕೆ ಹೊರಳುವ ಇಕ್ಕಟ್ಟಿನ ಜೋಡಿ ತಿರುವು. ಅಲ್ಲಿ ಎಡಗೈ ತೋರುಬೆರಳು ಬ್ರೇಕಿನ ಟ್ರಿಗರನ್ನು ತಳದವರೆಗೆ ಒತ್ತುತ್ತದೆ. ಪ್ಲೇಸ್ಟೇಷನ್ 5ರ ಕಂಟ್ರೋಲರ್‌ನಲ್ಲಾದರೆ ಆ ಟ್ರಿಗರ್ ಬೆರಳನ್ನು ಎದುರಿಸಿ ನಿಲ್ಲುತ್ತದೆ, ಚಕ್ರ ಜಾಮ್ ಆಗುವಷ್ಟು ಒತ್ತಿದಾಗ, ಅದನ್ನು ತಡೆಯುವ ಎಬಿಎಸ್ ವ್ಯವಸ್ಥೆಯ ನಡುಕ ಬೆರಳ ತುದಿಗೆ ಬರುತ್ತದೆ. ಕಾರಿನ ತೂಕದ ಹೆಚ್ಚಿನ ಪಾಲು ಮುಂದಿನ ಚಕ್ರಗಳ ಮೇಲೆ ಬಿದ್ದಿರುತ್ತದೆ, ಅಂದರೆ ಮುಂದಿನ ಟೈರುಗಳಿಗೆ ಈಗ ಹಿಡಿತ ಹೆಚ್ಚು. ಆದರೆ ಟೈರಿಗೆ ಇರುವ ಹಿಡಿತ ಒಟ್ಟು ಒಂದೇ. ಅದೆಲ್ಲವನ್ನೂ ನಿಲ್ಲಿಸುವುದಕ್ಕೇ ಖರ್ಚು ಮಾಡಿದವನಿಗೆ ತಿರುಗಿಸಲು ಏನೂ ಉಳಿದಿರುವುದಿಲ್ಲ, ಸ್ಟಿಕ್ಕನ್ನು ಎಷ್ಟು ಬಲಕ್ಕೆ ತಳ್ಳಿದರೂ ಕಾರು ನೆಟ್ಟಗೆ ಹೋಗಿ ಹುಲ್ಲಿಗೆ ಇಳಿಯುತ್ತದೆ. ಆದ್ದರಿಂದ ತಿರುಗಲು ಶುರು ಮಾಡಿದಂತೆ ಬೆರಳನ್ನು ಎಳೆಯೆಳೆಯಾಗಿ ಸಡಿಲಿಸಬೇಕು, ಬ್ರೇಕಿನಿಂದ ಬಿಡಿಸಿದಷ್ಟು ಹಿಡಿತವನ್ನು ತಿರುವಿಗೆ ಕೊಡಬೇಕು. ಒಮ್ಮೆಲೇ ಬಿಟ್ಟರೆ ಮೂತಿ ಮೇಲೆದ್ದು ಹಿಡಿತ ತಪ್ಪುತ್ತದೆ. ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನ ಈ ಬೆರಳ ಕೆಲಸ ಕೂಡಿ ಬಂದಾಗ ಆಗುವ ಖುಷಿಯನ್ನು ಬೇರೆ ಯಾವ ಬಗೆಯ ವಿಡಿಯೊ ಆಟವೂ ನನಗೆ ಕೊಟ್ಟಿಲ್ಲ. ಪರದೆಯ ಮೇಲೆ ಏನೂ ಸಿಡಿಯುವುದಿಲ್ಲ, ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಮೂಲೆಯಲ್ಲಿ ಸಮಯದ ಅಂಕಿ ಮಾತ್ರ ಸೆಕೆಂಡಿನ ಎರಡು ಹತ್ತನೇ ಭಾಗ ಕಡಿಮೆ ತೋರಿಸುತ್ತದೆ.

ಈ ಕೆಲಸ ಬರೀ ಸೋಫಾದ ಮೇಲಿನದ್ದಲ್ಲ ಎಂಬುದಕ್ಕೆ ನಮ್ಮ ಗೆಳೆಯ ಸದಾ ಕೊಡುವ ಸಾಕ್ಷಿ ಜಿಟಿ ಅಕಾಡೆಮಿ. ನಿಸ್ಸಾನ್ ಮತ್ತು ಸೋನಿ ಸೇರಿ 2008ರಲ್ಲಿ ಶುರು ಮಾಡಿದ ಆ ಸ್ಪರ್ಧೆಯಲ್ಲಿ ಆಟದಲ್ಲಿ ಗೆದ್ದವರನ್ನು ನಿಜವಾದ ರೇಸ್ ಕಾರಿನಲ್ಲಿ ಕೂರಿಸಿದರು. ಮೊದಲು ಗೆದ್ದ ಸ್ಪೇನಿನ ಲೂಕಾಸ್ ಓರ್ಡೊನ್ಯೆಝ್ 2011ರ ಲೆ ಮಾನ್ 24 ಗಂಟೆಗಳ ಸ್ಪರ್ಧೆಯಲ್ಲಿ ತನ್ನ ತಂಡದೊಡನೆ ಎಲ್‌ಎಂಪಿ2 ದರ್ಜೆಯಲ್ಲಿ ಎರಡನೆಯವನಾದ. ಇದನ್ನು ಕೇಳಿದಾಗಲೆಲ್ಲ ಬಟ್ಟೆ ಅಂಗಡಿಯವನದು ಒಂದೇ ಉತ್ತರ: "ಹೌದಪ್ಪ, ನಿನ್ನ ಲೈಸೆನ್ಸ್ ಯಾವಾಗ?"

ಅವನ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಬ್ರಿಟನ್ನಿನ ಪ್ಲೇಗ್ರೌಂಡ್ ಗೇಮ್ಸ್ 2012ರಲ್ಲಿ ಶುರು ಮಾಡಿದ ಹೊರೈಜನ್ ಸರಣಿ ಟ್ರ್ಯಾಕನ್ನೇ ಕೈಬಿಟ್ಟಿತು. ಕೊಲರಾಡೊ, ಫ್ರಾನ್ಸ್ ಮತ್ತು ಇಟಲಿಯ ಕರಾವಳಿ, ಆಸ್ಟ್ರೇಲಿಯಾ, ಬ್ರಿಟನ್, ಮೆಕ್ಸಿಕೊ ಎಂದು ಒಂದೊಂದು ಆಟಕ್ಕೆ ಒಂದೊಂದು ನೆಲ. ನಮ್ಮ ಗೆಳೆಯ ಅಂಗಡಿ ಮುಚ್ಚಿ, ಲೆಕ್ಕ ಮುಗಿಸಿ, ರಾತ್ರಿ ಹತ್ತೂವರೆಗೆ ಮನೆ ಸೇರುವವನು. ಆ ಹೊತ್ತಿನಲ್ಲಿ ಪರೀಕ್ಷೆ ಬರೆಯುವ ಮನಸ್ಸು ಯಾರಿಗಿರುತ್ತದೆ ಎಂದು ಅವನು ಕೇಳುವ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಅವನು ಮಾಡುವುದು ಇಷ್ಟೇ: ಗ್ವಾನಹ್ವಾಟೊ ಪಟ್ಟಣದ ಬಣ್ಣಬಣ್ಣದ ಮನೆಗಳ ನಡುವಿನ ಇಳಿಜಾರಿನಿಂದ ಹೊರಟು, ಗೊತ್ತು ಗುರಿಯಿಲ್ಲದೆ ಸಮುದ್ರದವರೆಗೆ ಹೋಗಿ, ಯಂತ್ರ ಆರಿಸಿ ಮಲಗುತ್ತಾನೆ. ರೇಸ್ ಹಚ್ಚುವುದೂ ಇಲ್ಲ. ನಾನು ಅವನ ಪಕ್ಕದಲ್ಲಿ ಕೂತು ನೋಡಿದ್ದೇನೆ. ಮಳೆ ಬಂದು ನಿಂತ ಮೇಲೆ ಡಾಂಬರಿನ ಮೇಲೆ ನಿಂತ ನೀರಿನಲ್ಲಿ ಹಿಂದಿನ ದೀಪದ ಕೆಂಪು ಉದ್ದಕ್ಕೆ ಹರಡುವುದನ್ನು ಅವನು ಕಾರು ನಿಲ್ಲಿಸಿ ನೋಡುತ್ತಾನೆ. ಆ ಆಟದ ಯೋಗ್ಯತೆ ಇರುವುದು ಗೆಲುವಿನಲ್ಲಲ್ಲ, ಅಲೆದಾಟದಲ್ಲಿ. ರೇಸಿಂಗ್ ಆಟವೆಂದು ಅಳೆದರೆ ಅದಕ್ಕೆ ಅನ್ಯಾಯವಾಗುತ್ತದೆ, ರೇಸಿಂಗ್ ಆಟಗಳಲ್ಲೆಲ್ಲ ಶ್ರೇಷ್ಠವೆಂದು ಹೊಗಳಿದರೆ ರೇಸಿಂಗಿಗೆ ಅನ್ಯಾಯವಾಗುತ್ತದೆ.

ನಮ್ಮಲ್ಲಿ ಮಾತು ನಿಜವಾಗಿ ಬಿಸಿಯಾಗುವುದು ರಿವೈಂಡ್ ಗುಂಡಿಯ ಬಗ್ಗೆ. ಫೋರ್ಜಾ ಆಟಗಳಲ್ಲಿ ತಿರುವು ತಪ್ಪಿದರೆ ಒಂದು ಗುಂಡಿ ಒತ್ತಿ ಕಾಲವನ್ನು ಕೆಲವು ಸೆಕೆಂಡು ಹಿಂದಕ್ಕೆ ಕರೆಯಬಹುದು. 2009ರ ಫೋರ್ಜಾ ಮೋಟಾರ್‌ಸ್ಪೋರ್ಟ್ 3ರಿಂದ ಇದು ನಡೆದುಬಂದಿದೆ. ಗ್ರಾನ್ ಟುರಿಸ್ಮೊ 7ರಲ್ಲಿ ಅಂಥ ಗುಂಡಿ ಇಲ್ಲ. ಕೊನೆಯ ಸುತ್ತಿನಲ್ಲಿ ಎಡವಿದರೆ ರೇಸನ್ನೇ ಮತ್ತೆ ಮೊದಲಿನಿಂದ ಓಡಬೇಕು. ಪಾಠ ಹೇಳುವವನಿಗೆ ರಿವೈಂಡ್ ಎಂದರೆ ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದು. ನನ್ನ ಅಭಿಪ್ರಾಯ ಬೇರೆ. ಒಂದೇ ತಿರುವನ್ನು ಹತ್ತು ಸಲ ಬೇರೆ ಬೇರೆ ಜಾಗದಲ್ಲಿ ಬ್ರೇಕ್ ಹಾಕಿ ಕಲಿಯಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಗ್ರಾನ್ ಟುರಿಸ್ಮೊದ ಪರವಾನಗಿ ಪರೀಕ್ಷೆಯೂ ಮಾಡುವುದು ಅದನ್ನೇ, ಒಂದು ತುಂಡು ರಸ್ತೆಯನ್ನು ಕತ್ತರಿಸಿ ಮತ್ತೆ ಮತ್ತೆ ಓಡಿಸುವುದು. ಆದರೆ ರಿವೈಂಡ್ ಇದ್ದಾಗ ತಿರುವಿನ ಭಯ ಹೋಗುತ್ತದೆ ಎಂಬ ಅವನ ಮಾತನ್ನು ತಳ್ಳಿಹಾಕಲಾರೆ. ಅರ್ಧ ಗಂಟೆಯ ರೇಸಿನ ಕೊನೆಯಲ್ಲಿ ಬ್ರೇಕ್ ಒತ್ತುವ ಬೆರಳು ಬೆವರುವುದು, ಕಳೆದುಕೊಳ್ಳಲು ಏನಾದರೂ ಇದ್ದಾಗ ಮಾತ್ರ.

ಪೆಟ್ಟಿಗೆಯ ಅಭಿಮಾನಿಗಳಿಬ್ಬರೂ ಬಾಯಿ ಮುಚ್ಚಿಕೊಳ್ಳುವ ಒಂದೇ ವಿಷಯವೆಂದರೆ, ಹಣ ಕೊಟ್ಟು ಕೊಂಡ ಆಟ ನಮ್ಮದಾಗಿ ಎಷ್ಟು ಕಾಲ ಉಳಿಯುತ್ತದೆ ಎಂಬುದು. 2022ರ ಮಾರ್ಚ್‌ನಲ್ಲಿ ಒಂದು ಅಪ್‌ಡೇಟ್ ಕೆಟ್ಟು ಗ್ರಾನ್ ಟುರಿಸ್ಮೊ 7ರ ಸರ್ವರ್‌ಗಳು ಒಂದು ದಿನಕ್ಕೂ ಹೆಚ್ಚು ಕಾಲ ನಿಂತುಹೋದವು. ಒಬ್ಬರೇ ಕೂತು ಆಡುವ ಭಾಗಕ್ಕೂ ಅಂತರ್ಜಾಲ ಬೇಕಾದ್ದರಿಂದ ಡಿಸ್ಕ್ ಕೈಯಲ್ಲಿದ್ದವರೂ ಸುಮ್ಮನೆ ಕೂರಬೇಕಾಯಿತು. ಆ ಹೊತ್ತಿಗೇ ರೇಸಿನ ಬಹುಮಾನದ ಹಣವನ್ನೂ ಇಳಿಸಿದ್ದರು. ಜನ ರೊಚ್ಚಿಗೆದ್ದ ಮೇಲೆ ಯಾಮೌಚಿ ಕ್ಷಮೆ ಕೇಳಿ, ಆಟಗಾರರಿಗೆ ಆಟದೊಳಗಿನ ಹತ್ತು ಲಕ್ಷ ಕ್ರೆಡಿಟ್ ಕೊಟ್ಟರು. ಆ ಕಡೆ, ಕಾರು ಕಂಪನಿಗಳ ಹಾಗೂ ಹಾಡುಗಳ ಪರವಾನಗಿ ಮುಗಿಯುವುದರಿಂದ ಹೊರೈಜನ್ 4ನ್ನು 2024ರ ಡಿಸೆಂಬರ್ 15ಕ್ಕೆ ಮಾರಾಟದಿಂದಲೇ ತೆಗೆದರು. ಬಿಡುಗಡೆಯಾಗಿ ಆರೇ ವರ್ಷ. ಹಳದಿ ಕ್ಯಾಸೆಟ್ಟಿನ ರೋಡ್ ಫೈಟರ್ ನನ್ನ ಚಿಕ್ಕಪ್ಪನ ಮನೆಯಲ್ಲಿ ಇಂದಿಗೂ, ಊದಿ ಹಾಕಿದರೆ, ನಡೆಯುತ್ತದೆ.

ನಿಂಟೆಂಡೊದ ರೇಸ್ ಆಟವಾದ ಮಾರಿಯೊ ಕಾರ್ಟ್ ಬಗ್ಗೆ ನಮ್ಮ ಗುಂಪಿನಲ್ಲಿ ಯಾರೂ ಗಂಭೀರವಾಗಿ ಮಾತಾಡುವುದಿಲ್ಲ. ಅದನ್ನು ಆಡಿಸುವ ಸ್ವಿಚ್ ಯಂತ್ರ ಇಲ್ಲಿಗೆ ಬಂದದ್ದೂ ದುಬೈ, ಸಿಂಗಪುರಗಳಿಂದ ಯಾರೋ ತಂದುಕೊಟ್ಟ ಲೆಕ್ಕದಲ್ಲಿ. ಅದು ಮಕ್ಕಳ ಆಟ ಎನ್ನುವವರಿಗೆ ನಾನು ಹೇಳುವುದಿಷ್ಟು: ಹಿಂದೆ ಬಿದ್ದವನಿಗೆ ಬಲವಾದ ಆಯುಧ, ಮುಂದಿದ್ದವನಿಗೆ ಬಾಳೆಹಣ್ಣಿನ ಸಿಪ್ಪೆ ಎಂಬ ಅದರ ನಿಯಮದಿಂದಾಗಿ, ಎಂದೂ ಕಂಟ್ರೋಲರ್ ಹಿಡಿಯದ ಅತ್ತಿಗೆ ಮತ್ತು ಹನ್ನೆರಡರ ಹುಡುಗ ಕೊನೆಯ ತಿರುವಿನವರೆಗೂ ಸಮಸಮ ಇರುತ್ತಾರೆ. ಗ್ರಾನ್ ಟುರಿಸ್ಮೊದಲ್ಲಿ ಅದು ಸಾಧ್ಯವೇ ಇಲ್ಲ. ಸ್ಟಿಯರಿಂಗ್ ಚಕ್ರದ ವಿಷಯವೂ ಅಷ್ಟೇ, ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ಮೇಜಿಗೆ ಬಿಗಿಯುವ, 900 ಡಿಗ್ರಿ ತಿರುಗುವ ಲಾಜಿಟೆಕ್ ಚಕ್ರ ಬಂದ ಮೇಲೆ ಮುಂದಿನ ಟೈರು ಏನು ಹೇಳುತ್ತಿದೆ ಎಂಬುದು ಕೈಗೆ ತಿಳಿಯುತ್ತದೆ, ಆದರೆ ಬಾಡಿಗೆ ಮನೆಯ ಹಾಲಿನಲ್ಲಿ ಅದನ್ನು ಇಡುವ ಜಾಗ ಮತ್ತು ಮನೆಯವರ ಸೈರಣೆ ಎರಡೂ ಯಂತ್ರಕ್ಕಿಂತ ದುಬಾರಿ.

ಇಷ್ಟೆಲ್ಲ ತಿರುವಿನ ಮಾತಾಡುವ ನಾವು ನಿಜವಾಗಿ ಕಾರು ಓಡಿಸುವ ರಸ್ತೆಯಲ್ಲಿ ತಿರುವುಗಳೇ ಕಡಿಮೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್, ರಾಷ್ಟ್ರೀಯ ಹೆದ್ದಾರಿ 48, ಹಳಬರ ಬಾಯಲ್ಲಿ ಇನ್ನೂ ಎನ್‌ಎಚ್ ನಾಲ್ಕು. ಎರಡೂ ಕಡೆ ಮೆಕ್ಕೆಜೋಳದ ಹೊಲ, ದುರ್ಗ ಹತ್ತಿರವಾದಂತೆ ಬಂಡೆಯ ಗುಡ್ಡಗಳು, ಗುಡ್ಡದ ನೆತ್ತಿಯ ಮೇಲೆ ಸಾಲು ಗಾಳಿಯಂತ್ರಗಳು. ಗ್ರಾನ್ ಟುರಿಸ್ಮೊ ಕಲಿಸಿದ ಒಂದೇ ಒಂದು ಅಭ್ಯಾಸ ನನಗೆ ಇಲ್ಲಿ ಉಪಯೋಗಕ್ಕೆ ಬಂದಿದೆ, ಮುಂದಿನ ಕಾರನ್ನಲ್ಲ, ಅದರಾಚೆಯ ರಸ್ತೆಯನ್ನು ನೋಡುವುದು. ಉಳಿದದ್ದಕ್ಕೆ ಯಾವ ಆಟವೂ ಸಿದ್ಧಗೊಳಿಸುವುದಿಲ್ಲ: ಸುಗ್ಗಿಯಲ್ಲಿ ಸರ್ವಿಸ್ ರಸ್ತೆಯ ಅರ್ಧಕ್ಕೆ ಹರವಿದ ಜೋಳದ ಕಾಳು, ಅದರ ಅಂಚಿಗೆ ಸಾಲಾಗಿ ಇಟ್ಟ ಕಲ್ಲು, ಎದುರು ದಿಕ್ಕಿನಿಂದ ನಿರಾಳವಾಗಿ ಬರುವ ಟ್ರ್ಯಾಕ್ಟರ್.

ಭಾರತದ ನೆಲ ಈ ಆಟಗಳಲ್ಲಿ ಬಂದದ್ದು ಬಹಳ ಕಡಿಮೆ. ಗ್ರೇಟರ್ ನೋಯ್ಡಾದ 5.125 ಕಿಲೋಮೀಟರ್‌ನ ಬುದ್ಧ್ ಸರ್ಕ್ಯೂಟ್‌ನಲ್ಲಿ 2011ರಿಂದ 2013ರವರೆಗೆ ಫಾರ್ಮುಲಾ 1 ನಡೆದಾಗ, ಮೂರು ಸಲವೂ ಸೆಬಾಸ್ಟಿಯನ್ ವೆಟ್ಟಲ್ ಗೆದ್ದಾಗ, ಆ ವರ್ಷಗಳ ಎಫ್1 ಆಟಗಳಲ್ಲಿ ಆ ಟ್ರ್ಯಾಕ್ ಇತ್ತು. ಸ್ಪರ್ಧೆ ನಿಂತಿತು, ಮುಂದಿನ ಆಟಗಳಿಂದ ಟ್ರ್ಯಾಕ್ ಮಾಯವಾಯಿತು. ಆದ್ದರಿಂದಲೇ ಹೊಸ ಹೊರೈಜನ್ ಯಾವ ದೇಶದಲ್ಲಿ ಎಂಬ ಸುದ್ದಿ ಹೊರಡುವ ಮುನ್ನ ನಮ್ಮಲ್ಲಿ ಪ್ರತಿ ಸಲ ಒಂದು ಸಂಜೆ ನಕ್ಷೆ ಬಿಡಿಸುವುದಕ್ಕೇ ಮೀಸಲು. ಏಳು ಸುತ್ತಿನ ಕೋಟೆಯ ಕೆಳಗಿನಿಂದ ಹೊರಟು, ಜೋಗಿಮಟ್ಟಿಯ ಏರು ಹತ್ತಿ, ಗಾಳಿಯಂತ್ರಗಳ ನಡುವೆ ಇಳಿದು, ಹೆದ್ದಾರಿ ಹಿಡಿದು ದಾವಣಗೆರೆಗೆ ಬಂದು, ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ಗೇಟು ಹಾಕಿದೆಯೆಂದು ರೇಸ್ ಮುಗಿಯುವುದು. ಇದು ಬಟ್ಟೆ ಅಂಗಡಿಯವನ ನಕ್ಷೆ. ಪಾಠ ಹೇಳುವವನು ಕೂಡ ಅಂದು ಬಾಯಿ ಹಾಕಿದ, ಜೋಗಿಮಟ್ಟಿಯ ಯಾವ ತಿರುವಿನಲ್ಲಿ ಎಷ್ಟನೇ ಗೇರು ಎಂದು.

2025ರ ಸೆಪ್ಟೆಂಬರ್‌ನಲ್ಲಿ ಹೊರೈಜನ್ 6 ಜಪಾನಿನಲ್ಲಿ ನಡೆಯುತ್ತದೆ ಎಂದು ಘೋಷಿಸಿದರು. ಎಕ್ಸ್‌ಬಾಕ್ಸ್ ಮತ್ತು ಕಂಪ್ಯೂಟರಿಗೆ 2026ರಲ್ಲಿ ಮೊದಲು, ಪ್ಲೇಸ್ಟೇಷನ್ 5ಕ್ಕೆ ಅದಾದ ಮೇಲೆ ಎಂದೂ ಹೇಳಿದರು. ಆ ನಡುವಿನ ತಿಂಗಳುಗಳು ಎಷ್ಟೇ ಇರಲಿ, ನಮ್ಮಲ್ಲಿ ಪೆಟ್ಟಿಗೆಯ ಜಗಳಕ್ಕೆ ಮತ್ತೆ ಜೀವ ಬರಲು ಅಷ್ಟು ಸಾಕಾಯಿತು. ಬಟ್ಟೆ ಅಂಗಡಿಯವನು ಈಗಾಗಲೇ ಗುಂಪಿಗೆಲ್ಲ ಹೇಳಿಟ್ಟಿದ್ದಾನೆ, ಮೊದಲ ರಾತ್ರಿ ಆಡಬೇಕೆನ್ನುವವರು ತನ್ನ ಮನೆಗೇ ಬರಬೇಕು ಎಂದು. "ಪೆಟ್ಟಿಗಿ ನೋಡಬ್ಯಾಡಲೇ, ಆಟ ನೋಡು" ಎಂದು ಹಿಂದೆ ನಮಗೆಲ್ಲ ಬುದ್ಧಿ ಹೇಳುತ್ತಿದ್ದವನೂ ಅವನೇ. ಪಾಠ ಹೇಳುವವನು ಮಾತ್ರ ತನಗೇನೂ ಅವಸರವಿಲ್ಲ, ಗ್ರಾನ್ ಟುರಿಸ್ಮೊದ ಸೂಪರ್ ಲೈಸೆನ್ಸಿನಲ್ಲಿ ಇನ್ನೂ ಚಿನ್ನ ಬರಬೇಕಾದ ಪರೀಕ್ಷೆಗಳಿವೆ ಎಂದು ಹೇಳಿ, ಮಿರ್ಚಿಯ ಖಾರಕ್ಕೆ ಚಹಾ ಹೇಳಿದ.